ಕಪ್ಪು ಕೂದಲಿನ ಮೇಲೆ ಬಣ್ಣ ಹೇಗೆ ಕೂರುತ್ತದೆ

ಕಾರವಾರದಲ್ಲಿ ನಾನು ಕೆಲಸ ಮಾಡುವ ಪಾರ್ಲರಿಗೆ ಹೈಲೈಟ್, ಅಂದರೆ ಅಲ್ಲಲ್ಲಿ ಕೆಲವು ಎಳೆಗಳಿಗಷ್ಟೇ ತಿಳಿ ಬಣ್ಣ, ಮಾಡಿಸಿಕೊಳ್ಳಲು ಬಂದವರನ್ನು, ಯಾವ ಬಣ್ಣ ಬೇಕು ಎಂದು ಕೇಳುವ ಮೊದಲು, ಕಳೆದ ನಾಲ್ಕೈದು ವರ್ಷಗಳಲ್ಲಿ ತಲೆಗೆ ಏನೇನು ಹಚ್ಚಿದ್ದೀರಿ ಎಂದು ಕೇಳುತ್ತೇನೆ. ಹೆಚ್ಚಿನವರ ಉತ್ತರ ಒಂದೇ: "ಏನೂ ಹಚ್ಚಲಿಲ್ಲ ಅಕ್ಕಾ, ಬರೀ ಮದರಂಗಿ ಅಷ್ಟೇ." ಅವರು ಸುಳ್ಳು ಹೇಳುತ್ತಿರುವುದಿಲ್ಲ. ಹಿತ್ತಲಿನ ಗಿಡದಿಂದ ಕೊಯ್ದು, ಕಲ್ಲಿನಲ್ಲಿ ಅರೆದು, ಹಬ್ಬಕ್ಕೆ ಕೈಗೂ ತಲೆಗೂ ಹಚ್ಚುವ ಸೊಪ್ಪನ್ನು ನಮ್ಮ ಕಡೆ ಯಾರೂ ಬಣ್ಣದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಕೂದಲಿನ ಮಟ್ಟಿಗೆ ಅದು ಬಣ್ಣವೇ, ಅದೂ ಸುಲಭಕ್ಕೆ ಬಿಟ್ಟುಹೋಗದ ಬಣ್ಣ. ಸಲೂನಿನಲ್ಲಿ ಮಾಡಿಸಿದ ಬಣ್ಣ ಚೆನ್ನಾಗಿ ಬರುವುದೂ ಕೆಡುವುದೂ ಬಹುಮಟ್ಟಿಗೆ ಈ ಮೊದಲ ಕಾಲು ಗಂಟೆಯ ಮಾತಿನಲ್ಲಿಯೇ ತೀರ್ಮಾನವಾಗುತ್ತದೆ. ಅದು ಏಕೆ ಹಾಗೆ ಎಂದು ತಿಳಿಯಬೇಕಾದರೆ ಕೂದಲಿನ ಒಳಗೆ ನಡೆಯುವುದನ್ನು ನೋಡಬೇಕು.

ಕೂದಲು ತಿಂಗಳಿಗೆ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ಬೆಳೆಯುತ್ತದೆ. ಹಾಗಾಗಿ ಭುಜ ದಾಟಿದ ಕೂದಲಿನ ತುದಿ ಎರಡೂವರೆ ಮೂರು ವರ್ಷ ಹಳೆಯದು. ಸೊಂಟ ಮುಟ್ಟುವ ಜಡೆಯ ತುದಿಗಾದರೆ ಐದಾರು ವರ್ಷ ವಯಸ್ಸು. ಬುಡದಿಂದ ಹೊರಗೆ ಬಂದ ಮೇಲೆ ಕೂದಲು ಜೀವವಿಲ್ಲದ ಎಳೆ. ಕೈಗೆ ಆದ ಗಾಯ ಮಾಯುವಂತೆ ಅದು ತಾನಾಗಿ ಮಾಯುವುದಿಲ್ಲ. ಎಂದೋ ಹಚ್ಚಿದ ಪುಡಿ, ಕೂದಲು ನೇರವಾಗಲೆಂದು ಎಂದೋ ಮಾಡಿಸಿದ ಸ್ಮೂಥನಿಂಗ್, ಎಂದೋ ತಾಗಿದ ಇಸ್ತ್ರಿಯ ಬಿಸಿ, ಎಲ್ಲವೂ ಕತ್ತರಿಸುವವರೆಗೆ ಅಲ್ಲಿಯೇ ಇರುತ್ತವೆ. ಕಣ್ಣಿಗೆ ಒಂದೇ ಕಪ್ಪಾಗಿ ಕಾಣುವ ಒಂದು ತಲೆಯಲ್ಲಿ ಬುಡದ ಕೂದಲು, ನಡುವಿನ ಕೂದಲು, ತುದಿಯ ಕೂದಲು ಎಂದು ಮೂರು ಬೇರೆ ಬೇರೆ ವಸ್ತುಗಳಿರುತ್ತವೆ ಎಂದು ತಿಳಿದರೆ ತಪ್ಪಾಗುವುದಿಲ್ಲ.

ಒಂದೊಂದು ಎಳೆಯ ಹೊರಮೈಯೂ ನಮ್ಮ ಮನೆಗಳ ಹಂಚಿನ ಮಾಡಿನಂತಿದೆ: ಒಂದರ ಅಂಚಿನ ಮೇಲೆ ಇನ್ನೊಂದು ಕೂತ ತೆಳುಪದರಗಳು, ಬುಡದಿಂದ ತುದಿಯ ಕಡೆಗೆ ಇಳಿಜಾರು. ಇದು ಕ್ಯೂಟಿಕಲ್. ಇದರ ಕೆಳಗಿನ ದಪ್ಪ ಭಾಗವಾದ ಕಾರ್ಟೆಕ್ಸಿನಲ್ಲಿ ಕೂದಲಿನ ಬಲವೂ ಇದೆ, ಸಹಜ ಬಣ್ಣ ಕೊಡುವ ಮೆಲನಿನ್ ಕೂಡ ಇದೆ. ಶಾಶ್ವತ ಬಣ್ಣವೆಂದು ಕರೆಯುವ ಟ್ಯೂಬಿನ ಕ್ರೀಮನ್ನು ಡೆವಲಪರಿನೊಂದಿಗೆ, ಅಂದರೆ ಹೈಡ್ರೋಜನ್ ಪೆರಾಕ್ಸೈಡಿನೊಂದಿಗೆ, ಕಲಸಿ ಹಚ್ಚಿದಾಗ ಮೂರು ಕೆಲಸಗಳು ಒಟ್ಟಿಗೆ ನಡೆಯುತ್ತವೆ. ಅಮೋನಿಯಾ ಅಥವಾ ಅಂಥದೇ ಇನ್ನೊಂದು ಕ್ಷಾರ ಹಂಚುಗಳನ್ನು ಸಡಿಲಿಸಿ ಎತ್ತುತ್ತದೆ; ಪೆರಾಕ್ಸೈಡ್ ಒಳಹೊಕ್ಕು ಮೆಲನಿನ್ನಿನ ಒಂದು ಪಾಲನ್ನು ಕರಗಿಸುತ್ತದೆ; ಅದರ ಜೊತೆಗೆ ಒಳಗೆ ಹೋದ ಬಣ್ಣದ ಪುಟ್ಟ ಕಣಗಳು ಅಲ್ಲಿಯೇ ಒಂದಕ್ಕೊಂದು ಬೆಸೆದು, ಹಂಚಿನ ಸಂದಿಯಿಂದ ಹೊರಗೆ ಬರಲಾರದಷ್ಟು ದೊಡ್ಡವಾಗುತ್ತವೆ. ಇದಕ್ಕೆಲ್ಲ ಸುಮಾರು ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಬೇಕು. ಬೇಗ ಮುಗಿಸಿ ಎಂದು ಅವಸರ ಮಾಡಿದರೆ ಕಣಗಳು ಬೆಸೆಯುವ ಮೊದಲೇ ತೊಳೆದಂತಾಗಿ, ಬಣ್ಣ ಮೂರೇ ತಲೆಸ್ನಾನಕ್ಕೆ ಮಸುಕಾಗುತ್ತದೆ.

ವೃತ್ತಿಯಲ್ಲಿ ಕೂದಲಿನ ಗಾಢತೆಯನ್ನು 1ರಿಂದ 10ರವರೆಗೆ ಎಣಿಸುತ್ತೇವೆ. 1 ಕಡುಗಪ್ಪು, 4 ಕಂದು, 7ರ ಹೊತ್ತಿಗೆ ಜೇನಿನ ಬಣ್ಣ, 10 ತೀರ ತಿಳಿಯಾದ ಹೊಂಬಣ್ಣ. ಕರಾವಳಿಯಲ್ಲಾಗಲಿ ಘಟ್ಟದ ಮೇಲಾಗಲಿ ನಮ್ಮವರ ಕೂದಲು ಹೆಚ್ಚಾಗಿ 1ರಿಂದ 3ರ ಒಳಗಿನದು. ಟ್ಯೂಬಿನ ಮೇಲೆ 6.3 ಎಂದಿದ್ದರೆ ಚುಕ್ಕಿಗೆ ಮೊದಲಿನ ಅಂಕಿ ಈ ಗಾಢತೆಯದು, ಚುಕ್ಕಿಯ ನಂತರದ್ದು ಛಾಯೆಯದು. ಹಲವು ಕಂಪನಿಗಳ ಪದ್ಧತಿಯಲ್ಲಿ .1 ಬೂದಿ ಛಾಯೆ, .3 ಹೊನ್ನಿನ ಛಾಯೆ, .4 ತಾಮ್ರದ ಛಾಯೆ. ಶೇಡ್ ಕಾರ್ಡಿನಲ್ಲಿ ಮಿನುಗುವ ಪುಟ್ಟ ಗೊಂಚಲುಗಳನ್ನು ನೋಡಿ ಮನಸೋಲುವ ಮೊದಲು, ಅವು ಬಿಳಿ ನಾರಿನ ಮೇಲೆ ಬಂದ ಬಣ್ಣಗಳು ಎಂಬುದನ್ನು ನೆನಪಿಡಬೇಕು. ಅದೇ ಟ್ಯೂಬು 2ರ ಕೂದಲಿನ ಮೇಲೆ ಬಿಸಿಲಿಗೆ ನಿಂತಾಗ ಮಾತ್ರ ಕಾಣುವ ಕಂದುಛಾಯೆಯಾಗಿ ಉಳಿಯಬಹುದು. ಡೆವಲಪರಿನಲ್ಲಿಯೂ ಮೆಟ್ಟಿಲುಗಳಿವೆ: 10 ವಾಲ್ಯೂಮ್ ಎಂದರೆ 3 ಪ್ರತಿಶತ ಪೆರಾಕ್ಸೈಡ್, 20 ಎಂದರೆ 6, 30 ಎಂದರೆ 9, 40 ಎಂದರೆ 12. ಅಂಕಿ ದೊಡ್ಡದಾದಷ್ಟೂ ಕೂದಲು ಹೆಚ್ಚು ತಿಳಿಯಾಗುತ್ತದೆ, ಹೆಚ್ಚು ಹಾಳೂ ಆಗುತ್ತದೆ. ಟ್ಯೂಬಿನ ಬಣ್ಣವೊಂದರಿಂದಲೇ ಗಾಢತೆಯ ಎರಡು ಮೂರು ಮೆಟ್ಟಿಲಿಗಿಂತ ಮೇಲೇರುವುದನ್ನು ನಿರೀಕ್ಷಿಸಬಾರದು. ಫೋನಿನಲ್ಲಿ ತೋರಿಸುವ ಕ್ಯಾರಮೆಲ್ ಹೈಲೈಟ್ 7ರ ಸುಮಾರಿನದು. 2ರಿಂದ 7ಕ್ಕೆ ಐದು ಮೆಟ್ಟಿಲು. ಅಷ್ಟು ದೂರ ಹೋಗುವುದಕ್ಕೆ ಬ್ಲೀಚ್, ಅಂದರೆ ಕೂದಲಿನ ಸಹಜ ಬಣ್ಣವನ್ನು ತೆಗೆಯುವ ಮಿಶ್ರಣ, ಬೇಕೇ ಬೇಕು.

ಕಪ್ಪಿನಿಂದ ಬಿಳುಪಿಗೆ ಹೋಗುವ ದಾರಿಯನ್ನು ಕಣ್ಣಾರೆ ನೋಡಬೇಕೆಂದರೆ ಸ್ಟ್ರಾಂಡ್ ಟೆಸ್ಟ್ ಮಾಡುವಾಗ ಕನ್ನಡಿಯ ಎದುರು ಕುಳಿತಿರಬೇಕು. ಕಿವಿಯ ಹಿಂದಿನಿಂದ ಪೆನ್ಸಿಲಿನಷ್ಟು ದಪ್ಪದ ಗೊಂಚಲೊಂದನ್ನು ಬಿಡಿಸಿ, ಬ್ಲೀಚ್ ಹಚ್ಚಿ, ಫಾಯಿಲಿನಲ್ಲಿ ಮಡಚಿಟ್ಟು, ಐದೈದು ನಿಮಿಷಕ್ಕೊಮ್ಮೆ ಬಿಚ್ಚಿ ನೋಡುತ್ತೇವೆ. ಮೊದಲು ಕಪ್ಪು ಒಡೆದು ಬೇಯಿಸಿದ ಕೆಂಪಡಿಕೆಯ ಬಣ್ಣಕ್ಕೆ ಬರುತ್ತದೆ. ಆಮೇಲೆ ತೋಟದಲ್ಲಿ ಉದುರಿದ ಹಣ್ಣಡಿಕೆಯ ಕಿತ್ತಳೆ. ಇನ್ನಷ್ಟು ಬಿಟ್ಟರೆ ಅರಿಸಿನದ ಹಳದಿ, ಕೊನೆಗೆ ಬಾಳೆಹಣ್ಣಿನ ಸಿಪ್ಪೆಯ ಒಳಮೈಯಂಥ ತಿಳಿ ಹಳದಿ. ಈ ಮೆಟ್ಟಿಲುಗಳಲ್ಲಿ ಒಂದನ್ನೂ ಹಾರಿ ಹೋಗಲಾಗದು, ಏಕೆಂದರೆ ಮೆಲನಿನ್ನಿನಲ್ಲಿ ಕಪ್ಪು ಬೇಗ ಕರಗುತ್ತದೆ, ಅದರಡಿಯ ಕೆಂಪು ಹಳದಿಗಳು ಹಟ ಹಿಡಿದು ಕೂರುತ್ತವೆ. ಕ್ಯಾರಮೆಲ್ ಬೇಕಾದವರನ್ನು ಕಿತ್ತಳೆ ಹಳದಿಯಾಗುವ ಹಂತದಲ್ಲಿ ನಿಲ್ಲಿಸಬಹುದು. ಬೂದಿಬಣ್ಣ ಬೇಕಾದವರು ಬಾಳೆಸಿಪ್ಪೆಯವರೆಗೆ ಹೋಗಲೇಬೇಕು, ಅಲ್ಲಿಗೆ ಒಂದೇ ದಿನದಲ್ಲಿ ತಲುಪಲು ಎಲ್ಲ ಕೂದಲಿಗೂ ತ್ರಾಣವಿರುವುದಿಲ್ಲ. ಬೂದಿ ಹೈಲೈಟನ್ನು ಮೊದಲ ಸಲವೇ ಕೇಳುವ ಕಡುಗಪ್ಪು ಕೂದಲಿನವರಿಗೆ ನಾನು ಎರಡು ಮೂರು ಸಲ ಬರಬೇಕಾದೀತು ಎಂದೇ ಹೇಳುತ್ತೇನೆ. ಹಾಗೆ ಹೇಳಿದ್ದರಿಂದ ಎದ್ದು ಹೋದವರಿದ್ದಾರೆ. ಅವರ ಕೂದಲು ಉಳಿಯಿತಲ್ಲ ಎಂಬ ಸಮಾಧಾನ ನನಗಿದೆ.

ಬ್ಲೀಚ್ ತೊಳೆದಾಗ ಕಾಣುವ ಬಣ್ಣ ಕೊನೆಯ ಬಣ್ಣವಲ್ಲ. ಆ ಹಸಿ ಕಿತ್ತಳೆಯನ್ನೋ ಹಳದಿಯನ್ನೋ ಹದಕ್ಕೆ ತರುವುದು ಟೋನರ್. ಬಣ್ಣಗಳ ಚಕ್ರದಲ್ಲಿ ಎದುರುಬದುರಾಗಿ ಕೂತವು ಒಂದನ್ನೊಂದು ಅಡಗಿಸುತ್ತವೆ: ನೇರಳೆ ಹಳದಿಯನ್ನು, ನೀಲಿ ಕಿತ್ತಳೆಯನ್ನು, ಹಸಿರು ಕೆಂಪನ್ನು. ಹಾಗಾಗಿ ಹೈಲೈಟ್ ಕಿತ್ತಳೆಗೆ ತಿರುಗಿದೆ ಎಂದು ದೂರುವವರು ನೇರಳೆ ಶಾಂಪೂ ತಂದು ತೊಳೆದರೆ ಪ್ರಯೋಜನ ಕಡಿಮೆ, ಅವರಿಗೆ ಬೇಕಾದದ್ದು ನೀಲಿ. ಟೋನರ್ ಶಾಶ್ವತವೂ ಅಲ್ಲ, ಆರೆಂಟು ವಾರಗಳಲ್ಲಿ ಇಳಿಯುತ್ತದೆ. ದರ ಕೇಳುವಾಗ ಟೋನರ್ ಅದರಲ್ಲಿ ಸೇರಿದೆಯೇ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಟೋನರ್ ಇಲ್ಲದ ಹೈಲೈಟ್ ಉಪ್ಪಿಲ್ಲದ ಸಾರಿನಂತೆ.

ಈಗ ಮದರಂಗಿಯ ವಿಷಯಕ್ಕೆ ಬರುತ್ತೇನೆ. ಶುದ್ಧ ಮದರಂಗಿ ಸೊಪ್ಪಿನಲ್ಲಿರುವ ಲಾಸೋನ್ ಎಂಬ ಬಣ್ಣ ಕೂದಲಿನ ಮುಖ್ಯ ಪ್ರೋಟೀನಾದ ಕೆರಾಟಿನ್ನಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಬ್ಲೀಚ್ ಹಾಕಿದಾಗ ಮೆಲನಿನ್ ಕರಗಿ ಹೋದರೂ ಮದರಂಗಿಯ ಕಿತ್ತಳೆ ಜಾಗ ಬಿಡುವುದಿಲ್ಲ. ಅದರ ಮೇಲೆ ನೀಲಿ ಎಲೆಯ ಪುಡಿ, ಅಂದರೆ ಇಂಡಿಗೊ, ಹಚ್ಚಿ ಕಪ್ಪು ಮಾಡಿಕೊಂಡಿದ್ದರೆ ಬ್ಲೀಚಿನಲ್ಲಿ ಹಸಿರು ಹೊರಡುವುದೂ ಉಂಟು. ಅಂಗಡಿಯಲ್ಲಿ ಸಿಗುವ ಕಪ್ಪು ಮೆಹಂದಿಯ ಪೊಟ್ಟಣಗಳು ಇನ್ನೂ ಬೇರೆಯೇ: ಹೆಸರು ಮೆಹಂದಿಯದಾದರೂ ಕಪ್ಪು ಕೊಡುವುದು ಬೇರೆ ರಾಸಾಯನಿಕ. ಕೆಲವು ಪುಡಿಗಳಲ್ಲಿ ಲೋಹದ ಲವಣಗಳಿರುತ್ತವೆ. ಅಂಥ ಕೂದಲಿಗೆ ಪೆರಾಕ್ಸೈಡ್ ತಾಗಿದರೆ ಬಿಸಿಯೇರಿ ಹೊಗೆಯಾಡುವ, ಕೂದಲು ತುಂಡಾಗುವ ಅಪಾಯವಿದೆ. ಒಮ್ಮೆ ಅಂಕೋಲೆಯ ಕಡೆಯಿಂದ ಮದುವೆಯ ಹೆಣ್ಣೊಬ್ಬಳು ಬಂದಿದ್ದಳು. ಏನೂ ಹಚ್ಚಲಿಲ್ಲ ಎಂದೇ ಹೇಳಿದಳು. ಸ್ಟ್ರಾಂಡ್ ಟೆಸ್ಟಿನಲ್ಲಿ ಬುಡದ ಒಂದು ಗೇಣು ಸರಿಯಾಗಿ ಹಣ್ಣಡಿಕೆಯ ಬಣ್ಣಕ್ಕೆ ಬಂದಿತು, ಅಲ್ಲಿಂದ ಕೆಳಗೆ ಮಾತ್ರ ಮುಕ್ಕಾಲು ಗಂಟೆಯಾದರೂ ಇಟ್ಟಿಗೆ ಬಣ್ಣದಲ್ಲಿಯೇ ನಿಂತಿತು, ಗೆರೆ ಹೊಡೆದ ಹಾಗೆ. ಒಂದು ಗೇಣು ಎಂದರೆ ಒಂದೂವರೆ ವರ್ಷದ ಬೆಳವಣಿಗೆ. ಆಗ ಅವಳಿಗೇ ನೆನಪಾಯಿತು: "ಹೌದಕ್ಕ, ಕಾಲೇಜು ಮುಗಿದ ವರ್ಷ ಅಮ್ಮನ ಕಪ್ಪು ಪುಡಿ ನಾನೂ ಹಚ್ಚಿಕೊಳ್ತಿದ್ದೆ." ಅಂದು ಪರೀಕ್ಷೆ ಮಾಡದೆ ಇಡೀ ತಲೆಗೆ ಕೈ ಹಾಕಿದ್ದರೆ ಆ ಗೆರೆ ಅವಳ ಮದುವೆಯ ಫೋಟೊಗಳಲ್ಲೆಲ್ಲ ಇರುತ್ತಿತ್ತು.

ಇದೇ ಮಾತಿನ ಇನ್ನೊಂದು ಮುಖವೆಂದರೆ, ಟ್ಯೂಬಿನ ಬಣ್ಣ ಹಳೆಯ ಬಣ್ಣವನ್ನು ತಿಳಿಯಾಗಿಸಲಾರದು. ವರ್ಷಗಟ್ಟಲೆ ಕಪ್ಪು ಡೈ ಹಾಕಿದವರು ಈಗ ಕಂದು ಬೇಕೆಂದು ಮೇಲಿಂದ ಕಂದು ಹಚ್ಚಿಸಿದರೆ, ಹೊಸದಾಗಿ ಬೆಳೆದ ಬುಡ ಮಾತ್ರ ಕಂದಾಗುತ್ತದೆ, ಉಳಿದದ್ದು ಇದ್ದಲ್ಲಿಯೇ ಇರುತ್ತದೆ. ಈ ಕೆಲಸ ಕಲಿಯುವುದಕ್ಕೆ ಮೊದಲು ನನ್ನ ತಲೆಯಲ್ಲಿಯೇ ಹೀಗಾಗಿತ್ತು. ಊರಿನ ಒಂದು ಪಾರ್ಲರಿನಲ್ಲಿ ಬುಡದಿಂದ ತುದಿಯವರೆಗೆ ಒಂದೇ ಸಲಕ್ಕೆ ಒಂದೇ ಮಿಶ್ರಣ ಬಳಿದಿದ್ದರು. ತೊಳೆದು ಒಣಗಿಸಿದಾಗ ಬುಡ ಬೆಂಕಿಯ ಕಿತ್ತಳೆ, ನಡು ಇಟ್ಟಿಗೆ, ತುದಿ ಹಳೆಯ ಡೈಯ ಕಪ್ಪು. ಮನೆಗೆ ಹೋಗಿ ಅತ್ತಿದ್ದೆ. ತುದಿ ಏಕೆ ಹಾಗಾಯಿತೆಂಬುದು ಮೇಲೆ ಹೇಳಿದ್ದರಿಂದ ತಿಳಿಯುತ್ತದೆ. ಬುಡದ ಕಾರಣ ಬೇರೆ: ನೆತ್ತಿಯ ಮೈಬಿಸಿಯಿಂದ ಬುಡದ ಮೊದಲ ಒಂದೆರಡು ಸೆಂಟಿಮೀಟರಿನಲ್ಲಿ ರಾಸಾಯನಿಕ ಕ್ರಿಯೆ ಬೇಗ ನಡೆಯುತ್ತದೆ. ಆದ್ದರಿಂದ ಕೂದಲನ್ನು ತಿಳಿಯಾಗಿಸುವಾಗ ತಿಳಿದವರು ಮೊದಲು ನಡುವಿಗೂ ತುದಿಗೂ ಹಚ್ಚಿ, ಅದು ಅರ್ಧ ಹಾದಿಗೆ ಬಂದ ಮೇಲೆಯೇ ಬುಡಕ್ಕೆ ಬರುತ್ತಾರೆ. ನಿಮ್ಮ ತಲೆಗೆ ಗ್ಲೋಬಲ್ ಕಲರ್, ಅಂದರೆ ಇಡೀ ಕೂದಲಿಗೆ ಒಂದೇ ಬಣ್ಣ, ಹಾಕುವವರು ಈ ಕ್ರಮದಲ್ಲಿ ಹಚ್ಚುತ್ತಾರೆಯೇ ಎಂಬುದೊಂದರಿಂದಲೇ ಅವರ ಕಲಿಕೆಯನ್ನು ಅಳೆಯಬಹುದು.

ಹೈಲೈಟಿನ ಬಗೆಗಳ ಹೆಸರುಗಳು ಬಹಳ, ಆದರೆ ಆಯ್ಕೆಗೆ ಬೇಕಾದ ತಿಳಿವಳಿಕೆ ಅಷ್ಟಿಲ್ಲ. ಫಾಯಿಲ್ ಹೈಲೈಟಿನಲ್ಲಿ ಬಾಚಣಿಗೆಯ ಬಾಲದಿಂದ ತೆಳ್ಳಗೆ ಎಳೆ ಬಿಡಿಸಿ ಬುಡದ ಹತ್ತಿರದಿಂದಲೇ ಬ್ಲೀಚ್ ಹಚ್ಚಿ ಮಡಚುತ್ತಾರೆ. ಗೆರೆಗಳು ಸ್ಪಷ್ಟ, ಬಿಳುಪೂ ಹೆಚ್ಚು. ಬಾಲಯಾಜ್ ಎಂದರೆ ಫ್ರೆಂಚಿನಲ್ಲಿ ಗುಡಿಸುವುದು. ಬ್ರಷ್ಷಿನಿಂದ ಕೂದಲ ಮೇಲ್ಮೈಯಲ್ಲಿ ಗುಡಿಸಿದಂತೆ ಹಚ್ಚುವುದರಿಂದ ಬುಡ ಕಪ್ಪಾಗಿ ಉಳಿದು ಕೆಳಗೆ ಹೋದಂತೆ ಬಣ್ಣ ತಿಳಿಯಾಗುತ್ತದೆ. ಬುಡದಿಂದ ಫಾಯಿಲ್ ಮಾಡಿಸಿದವರಿಗೆ ಆರೆಂಟು ವಾರಕ್ಕೆ ಕಪ್ಪು ಪಟ್ಟಿ ಕಾಣತೊಡಗುತ್ತದೆ, ಬಾಲಯಾಜ್ ಮಾಡಿಸಿದವರು ಆರು ತಿಂಗಳು ಬಿಟ್ಟರೂ ಕೆಟ್ಟು ಕಾಣುವುದಿಲ್ಲ. ನಮ್ಮ ಜಿಲ್ಲೆಯವರಿಗೆ ಇದು ಸಣ್ಣ ವಿಷಯವಲ್ಲ. ಶಿರಸಿ, ಯಲ್ಲಾಪುರದವರು ಹುಬ್ಬಳ್ಳಿಗೆ, ಕಾರವಾರದವರು ಮಡಗಾಂವಕ್ಕೆ, ಭಟ್ಕಳದವರು ಮಂಗಳೂರಿಗೆ ಹೋಗಿ ಬಣ್ಣ ಮಾಡಿಸಿಕೊಂಡು ಬರುವುದು ಇದ್ದದ್ದೇ. ಎರಡು ತಿಂಗಳಿಗೊಮ್ಮೆ ಆ ದೂರ ಹೋಗಲು ಆಗದಿದ್ದರೆ ಬುಡ ಮುಟ್ಟದ ಬಗೆಯನ್ನೇ ಆರಿಸಿಕೊಳ್ಳಬೇಕು.

ಇನ್ನೊಂದನ್ನು ಗ್ರಾಹಕರೂ ಹೇಳುವುದಿಲ್ಲ, ಎಷ್ಟೋ ಪಾರ್ಲರಿನವರೂ ಕೇಳುವುದಿಲ್ಲ: ದಿನನಿತ್ಯ ಕೂದಲನ್ನು ಹೇಗೆ ಕಟ್ಟುತ್ತೀರಿ? ಫೋಟೊದಲ್ಲಿ ಬಿಚ್ಚಿ ಹರಡಿದ ಕೂದಲು ಚೆಂದ ಕಾಣುತ್ತದೆ. ನಮ್ಮಲ್ಲಿ ಬಹಳ ಮಂದಿ ಕೆಲಸಕ್ಕೆ ಹೋಗುವುದು ಜಡೆಯಲ್ಲಿ ಅಥವಾ ತುರುಬಿನಲ್ಲಿ. ತೆಳುವಾದ ಹೈಲೈಟುಗಳು ಜಡೆಯಲ್ಲಿ ಹೆಣೆದುಕೊಂಡಾಗ ಬಹಳ ಸೊಗಸು, ಅದರ ಮೇಲೆ ಒಂದು ಮೊಳ ಅಬ್ಬಲಿಗೆ ಮುಡಿದರೆ ಕ್ಯಾರಮೆಲ್ಲಿಗೂ ಹೂವಿನ ಬಣ್ಣಕ್ಕೂ ಒಳ್ಳೆಯ ಹೊಂದಿಕೆ. ಆದರೆ ಮೇಲುಪದರಕ್ಕೆ ಮಾತ್ರ ಮಾಡಿಸಿ ತುರುಬು ಕಟ್ಟಿದರೆ ಕುತ್ತಿಗೆಯ ಹತ್ತಿರ ಕಪ್ಪು ಮುದ್ದೆ ಎದ್ದು ಕಾಣುತ್ತದೆ. ತುರುಬಿನವರು ಹಿಂಗತ್ತಿನಲ್ಲಿಯೂ ಕೆಲವು ಎಳೆ ಹಾಕಿಸಿಕೊಳ್ಳಬೇಕು.

ಬಿಳಿ ಕೂದಲು ಮುಚ್ಚುವುದು ಬೇರೆಯೇ ಲೆಕ್ಕ. ಅಲ್ಲಿ ಕರಗಿಸಲು ಮೆಲನಿನ್ ಇಲ್ಲ, ಹಂಚುಗಳು ಬಿಗಿಯಾಗಿರುವುದೂ ಉಂಟು. 20 ವಾಲ್ಯೂಮಿನ ಡೆವಲಪರ್, ಪೂರ್ತಿ ಸಮಯ, ಹೊನ್ನು, ತಾಮ್ರದಂಥ ಫ್ಯಾಷನ್ ಛಾಯೆಯ ಜೊತೆಗೆ ಒಂದು ಪಾಲು ಸಹಜ ಛಾಯೆ ಬೆರೆಸಿದರೆ ಬಣ್ಣ ಕೂರುತ್ತದೆ. ಬಿಳಿ ಅರ್ಧಕ್ಕಿಂತ ಕಡಿಮೆಯಿರುವವರು ಎಲ್ಲವನ್ನೂ ಕಪ್ಪಾಗಿ ಮುಚ್ಚುವ ಬದಲು ನಡುನಡುವೆ ಹೈಲೈಟ್ ಹಾಕಿಸಿ ಬಿಳಿಯನ್ನು ಅದರಲ್ಲಿ ಬೆರೆಸಿಬಿಡುವುದು ನನಗೆ ಹೆಚ್ಚು ಇಷ್ಟವಾದ ದಾರಿ. ಮೂರು ವಾರಕ್ಕೊಮ್ಮೆ ಬೈತಲೆಯನ್ನು ಇಣುಕಿ ನೋಡುವ ಚಿಂತೆ ಅದರಿಂದ ತಪ್ಪುತ್ತದೆ.

ಬಣ್ಣ ಮೈಗೆ ಆಗುತ್ತದೆಯೇ ಎಂದು ನೋಡುವ ಪ್ಯಾಚ್ ಟೆಸ್ಟನ್ನು ಬಿಟ್ಟುಬಿಡಿ ಎನ್ನುವವರ ಮಾತಿಗೆ ಒಪ್ಪಬಾರದು. ಗಾಢ ಬಣ್ಣಗಳಲ್ಲಿ ಸಾಮಾನ್ಯವಾಗಿರುವ ಪಿಪಿಡಿ, ಅಂದರೆ ಪ್ಯಾರಾಫಿನೈಲಿನ್ ಡೈಅಮೀನ್, ಕೆಲವರ ಮೈಗೆ ಆಗುವುದಿಲ್ಲ. ತುರಿಕೆಯಿಂದ ಹಿಡಿದು ಕಣ್ಣು ಮುಚ್ಚುವಷ್ಟು ಮುಖ ಊದುವವರೆಗೆ ಹೋಗಬಹುದು. ಹತ್ತು ವರ್ಷ ಹಾಕಿದರೂ ಏನೂ ಆಗದವರಿಗೆ ಹನ್ನೊಂದನೆಯ ವರ್ಷ ಆಗಬಹುದು. ಮದುವೆಮನೆಯಲ್ಲಿ ಕಪ್ಪು ಮೆಹಂದಿ ಹಾಕಿಸಿಕೊಂಡಾಗ ಕೈ ಉರಿದು ಬೊಬ್ಬೆ ಎದ್ದ ಅನುಭವವಿದ್ದರೆ ಅದನ್ನು ತಪ್ಪದೆ ಹೇಳಬೇಕು, ಆ ಕಪ್ಪಿನಲ್ಲಿಯೂ ಹೆಚ್ಚಾಗಿ ಇರುವುದು ಇದೇ ವಸ್ತು. ಕಿವಿಯ ಹಿಂದೆ ಅಥವಾ ಮೊಣಕೈ ಮಡಿಕೆಯಲ್ಲಿ ಒಂದು ಚುಕ್ಕೆ ಹಚ್ಚಿ 48 ಗಂಟೆ ಕಾಯುವುದಷ್ಟೇ ಪರೀಕ್ಷೆ. ಬ್ಲೀಚ್ ಪುಡಿಯ ಪರ್ಸಲ್ಫೇಟ್ ದೂಳಿನಿಂದ ಉಬ್ಬಸ ಇರುವವರಿಗೆ ತೊಂದರೆಯಾಗುತ್ತದೆ. ಮಳೆಗಾಲದಲ್ಲಿ ಕಿಟಕಿಯೆಲ್ಲ ಮುಚ್ಚಿದ ಕೋಣೆಯಲ್ಲಿ ಕೆಲಸ ನಡೆಯುತ್ತಿದ್ದರೆ ಫ್ಯಾನ್ ಹಾಕಿಸಿ, ಬಾಗಿಲು ತೆಗೆಸಿ.

ಸ್ಮೂಥನಿಂಗ್ ಮಾಡಿಸಿದ ಕೂದಲಿಗೆ ಬ್ಲೀಚ್ ಹಾಕುವ ಮೊದಲು ಇನ್ನೊಂದು ಪರೀಕ್ಷೆಯಿದೆ. ಒದ್ದೆಯಾದ ಒಂದೇ ಎಳೆಯನ್ನು ಎರಡು ಬೆರಳುಗಳ ನಡುವೆ ಮೆಲ್ಲಗೆ ಎಳೆಯಬೇಕು. ಗಟ್ಟಿ ಕೂದಲು ತುಸು ಹಿಗ್ಗಿ ಮತ್ತೆ ಮೊದಲಿನಂತಾಗುತ್ತದೆ. ಸೋತ ಕೂದಲು ಹಲಸಿನ ಮೇಣದಂತೆ ಉದ್ದಕ್ಕೆ ಬಂದು ತುಂಡಾಗುತ್ತದೆ. ಹಾಗೆ ತುಂಡಾದರೆ ಅಂದಿನ ಕೆಲಸ ಅಲ್ಲಿಗೆ ನಿಲ್ಲಬೇಕು. 2014ರಲ್ಲಿ ಓಲಾಪ್ಲೆಕ್ಸ್ ಮಾರುಕಟ್ಟೆಗೆ ಬಂದಂದಿನಿಂದ ಕೂದಲಿನ ಒಳಬಂಧಗಳನ್ನು ಕಾಯುವ ಇಂಥ ಔಷಧಗಳನ್ನು ಬ್ಲೀಚಿನ ಜೊತೆ ಬಳಸುವುದು ಹೆಚ್ಚಾಗಿದೆ, ಹಾನಿ ಕಡಿಮೆಯಾಗುವುದೂ ನಿಜ, ಆದರೆ ಮೇಣವಾದ ಕೂದಲನ್ನು ಅವು ಹೊಸದಾಗಿಸುವುದಿಲ್ಲ.

ನೀರಿನ ಮಾತು ಹೊರಗಿನ ಊರಿನ ವಿಡಿಯೊಗಳಲ್ಲಿ ಅಷ್ಟಾಗಿ ಬರುವುದಿಲ್ಲ. ನಮಗೆ ಅದು ಬಹಳ ಮುಖ್ಯ. ಚಿರೆಕಲ್ಲಿನ ನೆಲದ ಎಷ್ಟೋ ಬಾವಿಗಳ ನೀರಿನಲ್ಲಿ ಕಬ್ಬಿಣವಿದೆ. ಬಚ್ಚಲಿನ ಬಕೆಟ್ಟಿಗೆ, ಬಿಳಿ ಬಟ್ಟೆಗೆ ಕೆಂಪು ಕಲೆ ಹಿಡಿಯುತ್ತಿದ್ದರೆ ಅದು ಕೂದಲಿಗೂ ಹಿಡಿಯುತ್ತಿದೆ ಎಂದು ತಿಳಿಯಬೇಕು. ಕಡಲಿಗೆ ಹತ್ತಿರದ ಬಾವಿಗಳು ಏಪ್ರಿಲ್ ಮೇ ತಿಂಗಳಲ್ಲಿ ಉಪ್ಪಾಗುತ್ತವೆ. ಲೋಹದ ಅಂಶ ಹಿಡಿದ ಕೂದಲಿನ ಮೇಲೆ ಬ್ಲೀಚ್ ತೇಪೆತೇಪೆಯಾಗಿ ಏಳುತ್ತದೆ. ಆದ್ದರಿಂದ ಬಣ್ಣಕ್ಕೆ ಮೊದಲು ಲೋಹವನ್ನು ಬಿಡಿಸುವ ಕೀಲೇಟಿಂಗ್ ಶಾಂಪೂವಿನಿಂದ ಒಮ್ಮೆ ತೊಳೆಸಿಕೊಳ್ಳುವುದು ಕರಾವಳಿಯವರಿಗೆ ಅನಗತ್ಯ ಖರ್ಚಲ್ಲ. ನೀರಿನಲ್ಲಿ ತಾಮ್ರದ ಅಂಶವಿದ್ದರೆ ಬಿಳುಪಾದ ಎಳೆಗಳಿಗೆ ಹಸಿರು ಛಾಯೆ ಹತ್ತುತ್ತದೆ. ಹಂಡೆಯ ಸುಡುನೀರನ್ನು ತಂಬಿಗೆಗಟ್ಟಲೆ ತಲೆಗೆ ಹೊಯ್ದುಕೊಳ್ಳುವ ಸುಖವನ್ನು ಬಣ್ಣ ಮಾಡಿಸಿದವರು ಮೈಗಷ್ಟೇ ಇಟ್ಟುಕೊಂಡು, ತಲೆಗೆ ಉಗುರುಬೆಚ್ಚಗಿನ ನೀರನ್ನೇ ಬಳಸಬೇಕು. ಬಿಸಿ ಹೆಚ್ಚಾದಷ್ಟೂ ಬಣ್ಣ ಬೇಗ ಇಳಿಯುತ್ತದೆ. ತೆಂಗಿನೆಣ್ಣೆಯನ್ನು ಬಿಡಬೇಕಾಗಿಲ್ಲ. ಕೂದಲಿನ ಒಳಗೆ ಇಳಿಯಬಲ್ಲ ಕೆಲವೇ ಎಣ್ಣೆಗಳಲ್ಲಿ ಅದೊಂದು, ತೊಳೆಯುವಾಗ ಪ್ರೋಟೀನ್ ನಷ್ಟವಾಗುವುದನ್ನು ಅದು ಕಡಿಮೆ ಮಾಡುತ್ತದೆ. ಬಣ್ಣ ಹಾಕಿದ ಎರಡು ಮೂರು ದಿನ ತಲೆಸ್ನಾನವನ್ನು ಮುಂದೂಡಿ, ಆಮೇಲೆ ಮೀಯುವ ಒಂದು ಗಂಟೆ ಮೊದಲು ತುದಿಗಳಿಗೆ ಹಚ್ಚಿದರೆ ಸಾಕು. ಗೋಕರ್ಣದಲ್ಲೋ ಮಾಜಾಳಿಯಲ್ಲೋ ಕಡಲಿಗಿಳಿಯುವವರು ಮೊದಲು ಸಿಹಿನೀರಿನಲ್ಲಿ ತಲೆ ನೆನೆಸಿ ಕಂಡಿಷನರ್ ಹಚ್ಚಿಕೊಂಡು ಇಳಿಯಬೇಕು. ಆಗಲೇ ನೀರು ಕುಡಿದ ಕೂದಲು ಉಪ್ಪುನೀರನ್ನು ಕಡಿಮೆ ಹೀರುತ್ತದೆ.

ದಿನ ಗೊತ್ತುಮಾಡುವಾಗ ಮದುವೆಯ ಅಥವಾ ಜಾತ್ರೆಯ ಹಿಂದಿನ ದಿನಕ್ಕೆ ಬರಬೇಡಿ. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಕಾಂಬಾ ಜಾತ್ರೆಯಾಗಲಿ, ಮನೆಯ ಉಪನಯನವಾಗಲಿ, ಮೂರು ವಾರ ಮೊದಲು ಮಾಡಿಸಿಕೊಂಡರೆ ಪರೀಕ್ಷೆಗೂ ತಿದ್ದುವುದಕ್ಕೂ ಕಾಲಾವಕಾಶ ಸಿಗುತ್ತದೆ. ಕೆಲಸ ಮುಗಿದ ಮೇಲೆ ಕೂದಲನ್ನು ಪೂರ್ತಿ ಒಣಗಿಸಿ, ಟ್ಯೂಬ್‌ಲೈಟಿನ ಕೆಳಗೆ ಮಾತ್ರ ನೋಡದೆ ಬಾಗಿಲಿನ ಹೊರಗೆ ಬಂದು ಹಗಲ ಬೆಳಕಿನಲ್ಲಿ ನೋಡಬೇಕು. ಮಳೆಮೋಡದ ಬೆಳಕಿನಲ್ಲಿ ಬಣ್ಣ ತುಸು ತಣ್ಣಗೆ, ಸಂಜೆಯ ಬಿಸಿಲಿನಲ್ಲಿ ತುಸು ಕೆಂಪಗೆ ಕಾಣುತ್ತದೆ. ಹಣ ಕೊಡುವ ಮೊದಲು ಇನ್ನೊಂದನ್ನು ಕೇಳಿ ಪಡೆಯಬೇಕು: ಬಳಸಿದ ಟ್ಯೂಬುಗಳ ಅಂಕಿಗಳು, ಡೆವಲಪರಿನ ವಾಲ್ಯೂಮ್, ಎಷ್ಟು ನಿಮಿಷ ಇಟ್ಟರು, ಟೋನರ್ ಯಾವುದು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡು ಫೋನಿನಲ್ಲಿ ಅದರ ಚಿತ್ರ ಇಟ್ಟುಕೊಳ್ಳಿ. ಮುಂದಿನ ಸಲ ನೀವು ಕುಳಿತುಕೊಳ್ಳುವುದು ಹುಬ್ಬಳ್ಳಿಯ ಕುರ್ಚಿಯಲ್ಲಾಗಲಿ ಕುಮಟೆಯ ಕುರ್ಚಿಯಲ್ಲಾಗಲಿ, ತಲೆಗೆ ಏನೇನು ಹಚ್ಚಿದ್ದೀರಿ ಎಂದು ಅವರು ಕೇಳಿದಾಗ ಆ ಚೀಟಿಯನ್ನು ತೋರಿಸಿ, ಅದರ ಜೊತೆಗೆ ಮದರಂಗಿಯನ್ನೂ ಹೇಳಿ.